ಡಾರ್ನಿಯರ್‌ಗೆ ನೀರು ತುಂಬಿಸಿದರೆ ಹಾರುತ್ತಾ?

ಓದುಗರ ಪ್ರಶ್ನೆ: ಎಚ್‌ಎಎಲ್ ವಿದೇಶಿ ಕಂಪನಿ ಜತೆ ಸೇರಿ ಹೈಡ್ರೋಜನ್ ವಿಮಾನ ಮಾಡುತ್ತಂತೆ. ಹಾಗಾದ್ರೆ ನೀರು ತುಂಬಿಸಿದರೆ ಸಾಕಾ ಸಾರ್?

ಸಾಲದು. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವ ಡಾರ್ನಿಯರ್ 228 ನಿಮಗೆ ಗೊತ್ತಲ್ಲ, 19 ಸೀಟಿನದು. ನಾಗರಿಕರಿಗೂ ಆಗುತ್ತೆ, ವಾಯುಪಡೆ, ನೌಕಾಪಡೆ, ಕರಾವಳಿ ಕಾವಲು ಪಡೆಗೂ ಆಗುತ್ತೆ. ಇದಕ್ಕೆ ಹೈಡ್ರೋಜನ್-ಎಲೆಕ್ಟ್ರಿಕ್ ಎಂಜಿನ್ ಕೂರಿಸಲು ಎಚ್‌ಎಎಲ್ ಬ್ರಿಟನ್-ಅಮೆರಿಕದ ಜೀರೋಏವಿಯಾ ಕಂಪನಿ ಜತೆ ಕೈಜೋಡಿಸಿತು. ಆ ಕಂಪನಿ 2023ರ ಜನವರಿ 19ರಂದು ಇಂಗ್ಲೆಂಡಿನ ಕಾಟ್ಸ್‌ವೋಲ್ಡ್‌ನಲ್ಲಿ ಒಂದು ಡಾರ್ನಿಯರನ್ನು 10 ನಿಮಿಷ ಹಾರಿಸಿತು. ಎಡಗಡೆ ಹೊಸ ಎಂಜಿನ್, ಬಲಗಡೆ ಹಳೆಯದು.

ಅದರೊಳಗೆ ತುಂಬಿದ್ದು ಹೈಡ್ರೋಜನ್, ನೀರಲ್ಲ. ಫ್ಯೂಯಲ್ ಸೆಲ್‌ನಲ್ಲಿ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜತೆ ಸೇರುತ್ತದೆ, ಕರೆಂಟ್ ಹುಟ್ಟುತ್ತದೆ, ಮೋಟಾರು ತಿರುಗುತ್ತದೆ. ಕೊನೆಗೆ ಉಳಿಯುವುದು ನೀರು. ನೀರು ಅಂದರೆ ಹೈಡ್ರೋಜನ್ ಉರಿದ ಮೇಲಿನ ಬೂದಿ. ಬಚ್ಚಲ ಒಲೆಯ ಬೂದಿಯನ್ನೇ ಮತ್ತೆ ಒಲೆಗೆ ಹಾಕಿದರೆ ಹಂಡೆ ಕಾಯುತ್ತಾ?

'ನೀರಲ್ಲಿ ಹೈಡ್ರೋಜನ್ ಇದೆಯಲ್ಲ, ವಿಮಾನದಲ್ಲೇ ಬೇರ್ಪಡಿಸಿದರಾಯ್ತು' ಅನ್ನುತ್ತಾರೆ. ಸರಿ, ಲೆಕ್ಕ ಹಾಕಿ. ಒಂದು ಕೆ.ಜಿ. ಹೈಡ್ರೋಜನ್‌ಗೆ 9 ಲೀಟರ್ ನೀರು ಬೇಕು, ಜತೆಗೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಆ ಒಂದು ಕೆ.ಜಿ.ಯಲ್ಲಿ ಇರುವುದೇ 33 ಯೂನಿಟ್. ಫ್ಯೂಯಲ್ ಸೆಲ್ ವಾಪಸ್ ಕೊಡುವುದು ಅದರ ಅರ್ಧದಷ್ಟು, 17 ಯೂನಿಟ್ ಅಂದುಕೊಳ್ಳಿ. 50 ಕೊಟ್ಟು 17 ಪಡೆಯುವ ಕೆಲಸವನ್ನು ಆಕಾಶದಲ್ಲಿ ಯಾಕೆ ಮಾಡಬೇಕು? ಅದಕ್ಕೇ ನೀರು ಒಡೆಯುವ ಕೆಲಸ ನೆಲದ ಮೇಲೆ ನಡೆಯುತ್ತದೆ.

ಇದನ್ನು ಬೋರ್ಡಿನ ಮೇಲೆ ಬರೆದಾಗ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. 'ಹಾಗಾದ್ರೆ ಆ 50 ಯೂನಿಟ್ಟನ್ನು ಬ್ಯಾಟರಿಗೇ ತುಂಬಬಹುದಲ್ವಾ ಸಾರ್?' ಎಂಥ ಪ್ರಶ್ನೆ! ಅಡ್ಡ ಬರುವುದು ತೂಕ. ಒಂದು ಕೆ.ಜಿ. ಬ್ಯಾಟರಿ ಹಿಡಿಯುವುದು ಸುಮಾರು ಕಾಲು ಯೂನಿಟ್. ಹೈಡ್ರೋಜನ್ ಹಗುರ, ಆದರೆ ಜಾಗ ತಿನ್ನುತ್ತದೆ. ಕಾಟ್ಸ್‌ವೋಲ್ಡ್‌ನಲ್ಲಿ ಸೀಟು ತೆಗೆದು ಕ್ಯಾಬಿನ್ನಿನಲ್ಲಿ ಟ್ಯಾಂಕ್ ಇಟ್ಟಿದ್ದರು.

ಜಾಗ ಉಳಿಸಬೇಕಾದರೆ ಮೈನಸ್ 253 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು. ಇದಕ್ಕೆ ಮೂರು ದೇಶಗಳ ಕಂಪನಿಗಳು ಕೈಜೋಡಿಸಿದವು. ಜರ್ಮನಿಯ ಎಚ್‌2ಫ್ಲೈ, ಸ್ಲೊವೇನಿಯಾದ ಪಿಪಿಸ್ಟ್ರೆಲ್, ಫ್ರಾನ್ಸಿನ ಏರ್ ಲಿಕ್ವಿಡ್ ಸೇರಿ 2023ರಲ್ಲಿ ಸ್ಲೊವೇನಿಯಾದ ಮಾರಿಬೋರ್‌ನಿಂದ ಎಚ್‌ವೈ4 ವಿಮಾನವನ್ನು ದ್ರವ ಹೈಡ್ರೋಜನ್‌ನಲ್ಲಿ ಮೂರು ಗಂಟೆಗೂ ಮೀರಿ ಹಾರಿಸಿದವು. ಅನಿಲದಲ್ಲಿ 750 ಕಿ.ಮೀ. ಹೋಗಬಲ್ಲ ವಿಮಾನ ದ್ರವದಲ್ಲಿ 1500 ಕಿ.ಮೀ. ಹೋಗಬಲ್ಲದು.

ಸೇನೆಗೂ ಇದೇ ಲೆಕ್ಕ. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಅಯಾನ್ ಟೈಗರ್ ಡ್ರೋನ್ 2009ರಲ್ಲಿ ಅನಿಲ ತುಂಬಿಕೊಂಡು 26 ಗಂಟೆ ಹಾರಿತು. 2013ರಲ್ಲಿ ದ್ರವ ತುಂಬಿಕೊಂಡು 48 ಗಂಟೆ.