ಉರುಗ್ವೆ ಆಧುನಿಕವಾದ ಬಗೆ: ಹುಲ್ಲುಗಾವಲಿನವರೆಗೆ ಬಾರದ ಸುಧಾರಣೆ

ಬ್ರೆಜಿಲ್ ಮತ್ತು ಅರ್ಜೆಂಟೀನಾಗಳ ನಡುವಿನ ಪುಟ್ಟ ದೇಶ ಉರುಗ್ವೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲರಾಡೊ ಮತ್ತು ಬ್ಲಾಂಕೊ ಎಂಬ ಎರಡು ಪಕ್ಷಗಳ ಕಾದಾಟದಿಂದ ಮತ್ತೆ ಮತ್ತೆ ಜರ್ಜರಿತವಾಗಿತ್ತು. 1904ರ ಸೆಪ್ಟೆಂಬರಿನಲ್ಲಿ ಮಾಸೊಯೆರ್ ಎಂಬಲ್ಲಿ ಗಾಯಗೊಂಡ ಬ್ಲಾಂಕೊ ದಂಡನಾಯಕ ಅಪಾರಿಸಿಯೊ ಸರಾವಿಯಾ ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ದೊಡ್ಡ ಅಂತರ್ಯುದ್ಧಗಳ ಕಾಲ ಮುಗಿಯಿತು. ಗೆದ್ದ ಪಕ್ಷದ ಅಧ್ಯಕ್ಷ ಹೊಸೆ ಬಾಟ್ಯೆ ಇ ಓರ್ಡೊನ್ಯೆಸ್ ಮೂಲತಃ ಪತ್ರಕರ್ತರು. 1886ರಲ್ಲಿ 'ಎಲ್ ದಿಯಾ' ಪತ್ರಿಕೆಯನ್ನು ಕಟ್ಟಿದವರು. 1903ರಿಂದ 1907ರವರೆಗೆ ಒಮ್ಮೆ, 1911ರಿಂದ 1915ರವರೆಗೆ ಇನ್ನೊಮ್ಮೆ ಅವರು ನಡೆಸಿದ ಆಡಳಿತವೇ ಆಧುನಿಕ ಉರುಗ್ವೆಯ ಅಡಿಪಾಯ.

1908ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ಲಕ್ಷಕ್ಕಿಂತ ಸ್ವಲ್ಪ ಹೆಚ್ಚಿತ್ತು. ಅವರಲ್ಲಿ ಸುಮಾರು ಮೂರು ಲಕ್ಷ ಜನ ರಾಜಧಾನಿ ಮಾಂಟೆವಿಡಿಯೊದಲ್ಲೇ ಇದ್ದರು. ಉಣ್ಣೆ, ಚರ್ಮ ಮತ್ತು ಮಾಂಸದ ರಫ್ತಿನಿಂದ ಹಣ ಬರುತ್ತಿತ್ತು. ಹೊಸೆ ಪೆದ್ರೊ ವರೇಲಾ ಅವರ ಪ್ರಯತ್ನದಿಂದ 1877ರಲ್ಲೇ ಜಾರಿಯಾಗಿದ್ದ ಉಚಿತ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಓದುಬರಹ ಬಲ್ಲ ತಲೆಮಾರೊಂದನ್ನು ರೂಪಿಸತೊಡಗಿತ್ತು. ಬಾಟ್ಯೆಯವರ ಸುಧಾರಣೆಗಳು ಬೇರೂರಿದ್ದು ಈ ನೆಲದಲ್ಲಿ.

ರೈಲು, ನೀರು ಸರಬರಾಜಿನಂಥ ಸೇವೆಗಳು ಆಗ ಬ್ರಿಟಿಷ್ ಕಂಪನಿಗಳ ಕೈಯಲ್ಲಿದ್ದು, ಅವುಗಳ ಲಾಭ ಲಂಡನ್ನಿಗೆ ಹೋಗುತ್ತಿತ್ತು. ಆ ಲಾಭ ದೇಶದೊಳಗೇ ಉಳಿಯಬೇಕೆಂಬ ಹಟದಿಂದ ಸರ್ಕಾರ 1911ರಲ್ಲಿ ತನ್ನದೇ ವಿಮಾ ಬ್ಯಾಂಕನ್ನು ತೆರೆಯಿತು, 1912ರಲ್ಲಿ ವಿದ್ಯುತ್ತನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ವಿಜ್ಞಾನಕ್ಕೂ ಇದೇ ಹಟದ ಫಲ ಸಿಕ್ಕಿತು. ಜರ್ಮನಿಯಿಂದ 1912ರಲ್ಲಿ ಕರೆಸಿಕೊಂಡ ತಳಿವಿಜ್ಞಾನಿ ಆಲ್ಬರ್ಟ್ ಬೋರ್ಗರ್ ಎರಡು ವರ್ಷಗಳ ಬಳಿಕ ಕೊಲೊನಿಯಾ ಪ್ರಾಂತದ ಲಾ ಎಸ್ತಾನ್ಸುವೆಲಾದಲ್ಲಿ ನೆಲೆನಿಂತು, ರೈತರು ಬೆಳೆಯುತ್ತಿದ್ದ ಬೆರಕೆ ಗೋಧಿಯಿಂದ ಒಳ್ಳೆಯ ಗಿಡಗಳನ್ನು ಒಂದೊಂದಾಗಿ ಆರಿಸಿ, ಪ್ರತಿಯೊಂದರ ಬೀಜವನ್ನೂ ಬೇರೆಬೇರೆಯಾಗಿ ಬಿತ್ತಿ ಶುದ್ಧ ತಳಿಗಳನ್ನು ರೂಪಿಸಿದರು. ಆ ಕೇಂದ್ರದಲ್ಲಿ ಇಂದಿಗೂ ಕೃಷಿ ಸಂಶೋಧನೆ ನಡೆಯುತ್ತಿದೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದಿಟ್ಟವಾದದ್ದು 1913ರ ವಿಚ್ಛೇದನ ಕಾಯಿದೆ. 1907ರ ಕಾಯಿದೆಯಲ್ಲಿ ವಿಚ್ಛೇದನಕ್ಕೆ ಅವಕಾಶವಿದ್ದರೂ ಹೆಂಡತಿ ಗಂಡನ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಿತ್ತು, ಇಲ್ಲವೇ ಅವನ ಒಪ್ಪಿಗೆ ಪಡೆಯಬೇಕಿತ್ತು. ಹೊಸ ಕಾಯಿದೆಯ ಪ್ರಕಾರ ಅವಳು ಕಾರಣ ಹೇಳಬೇಕಾಗಿರಲಿಲ್ಲ. ನ್ಯಾಯಾಧೀಶರ ಮುಂದೆ ಕಾಲಾವಧಿ ಬಿಟ್ಟು ಮತ್ತೆ ಮತ್ತೆ ಖುದ್ದಾಗಿ ಹಾಜರಾಗಿ ತನ್ನ ನಿರ್ಧಾರ ಬದಲಾಗಿಲ್ಲವೆಂದು ತಿಳಿಸಿದರೆ ಸಾಕಿತ್ತು. ಗಂಡನಿಗೆ ಈ ಹಕ್ಕು ಇರಲಿಲ್ಲ. ಈ ಸೂತ್ರವನ್ನು ಸೂಚಿಸಿದ ತತ್ತ್ವಜ್ಞಾನಿ ಕಾರ್ಲೊಸ್ ವಾಸ್ ಫೆರೇರಾ ಅವರ ತರ್ಕ ಹೀಗಿತ್ತು: ಬಸುರು, ಬಾಣಂತನದ ಭಾರವನ್ನು ಪ್ರಕೃತಿ ಹೆಣ್ಣಿನ ಮೇಲೆ ಮಾತ್ರ ಹೊರಿಸಿರುವಾಗ ಇಬ್ಬರಿಗೂ ಒಂದೇ ನಿಯಮ ಮಾಡುವುದು ನ್ಯಾಯವಲ್ಲ, ಕಾಯಿದೆಯೇ ಆ ಕೊರತೆಯನ್ನು ತುಂಬಿಕೊಡಬೇಕು. ಅದೇ ದೇಶದ ಹೆಂಗಸರಿಗೆ ಮತದಾನದ ಹಕ್ಕು ಕಾಯಿದೆಯಲ್ಲಿ ಬಂದದ್ದು 1932ರಲ್ಲಿ ಎಂಬುದನ್ನು ನೆನೆದರೆ ಈ ತರ್ಕ ಎಷ್ಟು ಮುಂದಿತ್ತೆಂದು ತಿಳಿಯುತ್ತದೆ.

ಎಂಟು ಗಂಟೆಯ ದುಡಿಮೆಯ ಮಸೂದೆ 1906ರಲ್ಲಿ ಮೊದಲು ಸಂಸತ್ತಿಗೆ ಹೋಗಿ, ಕೊನೆಗೆ 1915ರ ನವೆಂಬರಿನಲ್ಲಿ ಅಧ್ಯಕ್ಷ ಫೆಲಿಸಿಯಾನೊ ವಿಯೇರಾ ಅವರ ಕಾಲದಲ್ಲಿ ಅಂಗೀಕಾರವಾಯಿತು. ಅದರ ಮೊದಲ ಕಲಮು ಕಾರ್ಖಾನೆ, ಹಡಗುಕಟ್ಟೆ, ಕಲ್ಲುಗಣಿಗಳ ಕೂಲಿಗಳು, ಅಂಗಡಿಯ ಸಹಾಯಕರು, ರೈಲು ಮತ್ತು ಟ್ರಾಮುಗಳ ನೌಕರರು ಎಂದು ಒಬ್ಬೊಬ್ಬರನ್ನೂ ಹೆಸರಿಸುತ್ತದೆ. ದನ ಕಾಯುವವನು, ಕುರಿಯ ಉಣ್ಣೆ ಕತ್ತರಿಸುವವನು, ಮನೆಗೆಲಸದವಳು ಆ ಪಟ್ಟಿಯಲ್ಲಿಲ್ಲ. ನಗರದ ಸುಧಾರಣೆಗೆ ಬೇಕಾದ ಹಣ ಹುಟ್ಟುತ್ತಿದ್ದುದೇ ಹುಲ್ಲುಗಾವಲಿನಲ್ಲಿ. ಆದರೆ ದೊಡ್ಡ ಜಮೀನ್ದಾರರ ಭೂಮಿಯನ್ನು ಹಂಚುವ ಕೆಲಸಕ್ಕೆ ಬಾಟ್ಯೆ ಕೈಹಾಕಲಿಲ್ಲ. ತೆರಿಗೆಯ ಒತ್ತಡದಿಂದ ಆ ಆಸ್ತಿಗಳು ತಾವಾಗಿ ಒಡೆದಾವು ಎಂಬ ಅವರ ನಂಬಿಕೆ ಫಲಿಸಲಿಲ್ಲ. ಇದು ಆ ಸುಧಾರಣೆಯ ಅತಿ ದೊಡ್ಡ ಕೊರತೆಯೆಂದೇ ನಾನು ತಿಳಿಯುತ್ತೇನೆ.

ಶಿಶುಮರಣದ ಲೆಕ್ಕದಲ್ಲೂ ಬರಿಯ ಕಾಯಿದೆಯ ಮಿತಿ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು ನೂರು ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಆ ಕಾಲಕ್ಕೆ ಯುರೋಪಿನ ಹಲವು ದೇಶಗಳಿಗಿಂತ ಕಡಿಮೆಯಾಗಿದ್ದ ಈ ಪ್ರಮಾಣ ಮುಂದಿನ ಮೂರು ದಶಕಗಳಲ್ಲಿ ಹೆಚ್ಚೇನೂ ಇಳಿಯಲಿಲ್ಲ. 1927ರಲ್ಲಿ ಮಾಂಟೆವಿಡಿಯೊದಲ್ಲಿ ಆರಂಭವಾದ ಅಮೆರಿಕ ಖಂಡಗಳ ಮಕ್ಕಳ ರಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ, ಶಿಶುವೈದ್ಯ ಲೂಯಿಸ್ ಮೊರ್ಕಿಯೊ ಅವರನ್ನು ಕಾಡಿದ್ದು ಈ ಪ್ರಮಾಣ ಏಕೆ ಇಳಿಯುತ್ತಿಲ್ಲ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಬೇಕಾದ ಜನಗಣತಿಯೇ ದೇಶದಲ್ಲಿ 1908ರ ಬಳಿಕ 1963ರವರೆಗೆ ನಡೆಯಲಿಲ್ಲ. ಎಂಟು ಗಂಟೆಯ ಮಿತಿ ಮನೆಗೆಲಸದವರಿಗೆ 2006ರಲ್ಲಿ, ಹೊಲ ಮತ್ತು ಹುಲ್ಲುಗಾವಲಿನ ಕೂಲಿಗಳಿಗೆ 2008ರ ಡಿಸೆಂಬರಿನಲ್ಲಿ ಕಾಯಿದೆಯ ಮೂಲಕ ದೊರೆಯಿತು.