ಚುಚ್ಚುಮದ್ದು ಕೊಡುವ ನರ್ಸ್‌ಗೆ ಮಗುವಿನ ಬೆಳವಣಿಗೆಯ ತೊಂದರೆ ಗೊತ್ತಾಗುತ್ತದೆಯೇ?

ಪ್ರಶ್ನೆ: ನಮ್ಮ ಮಗನಿಗೆ 20 ತಿಂಗಳು. ಮಂಗಳೂರಿನಲ್ಲಿ ಚುಚ್ಚುಮದ್ದಿಗೆ ಹೋದಾಗ ನರ್ಸ್, "ಹೆಸರು ಕರೆದರೆ ತಿರುಗ್ತಾನಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸ್ತಾನಾ?" ಎಂದು ಕೇಳಿದರು. ಆಮೇಲೆ ಮಕ್ಕಳ ಡಾಕ್ಟರಿಗೆ ತೋರಿಸಿ ಅಂದರು. ನರ್ಸ್ ಮಾತನ್ನು ಎಷ್ಟು ನಂಬಬಹುದು?

ಉತ್ತರ: ನಂಬಿ, ಡಾಕ್ಟರ್ ಹತ್ತಿರ ಹೋಗಿ. ನರ್ಸ್ ನಿಮ್ಮ ಮಗನಿಗೆ ಇಂಥ ಕಾಯಿಲೆ ಇದೆ ಎಂದು ಹೇಳಿಲ್ಲ. ಒಮ್ಮೆ ಸರಿಯಾಗಿ ನೋಡಿಸಿ ಎಂದಿದ್ದಾರೆ, ಅಷ್ಟೇ. ತರಬೇತಿ ಪಡೆದ ನರ್ಸ್‌ನ ಕೆಲಸವೇ ಅದು.

ಅವರು ಕೇಳಿದ ಹೊತ್ತೂ ಸರಿಯಾಗಿದೆ. ಸರ್ಕಾರಿ ಪಟ್ಟಿಯಲ್ಲಿ 16ರಿಂದ 24 ತಿಂಗಳಿಗೆ ಬೂಸ್ಟರ್ ಇದೆ. ಅದಾದ ಮೇಲೆ ಮುಂದಿನ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್ 5 ವರ್ಷ ತುಂಬಿದ ಮೇಲೆಯೇ. ಆಟಿಸಂ (ಬೇರೆಯವರೊಂದಿಗೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಲಕ್ಷಣ ಗುರುತಿಸಲು ಬಳಸುವ ಎಂ-ಚಾಟ್ ಪ್ರಶ್ನಾವಳಿ ಇರುವುದೂ 16ರಿಂದ 30 ತಿಂಗಳ ಮಕ್ಕಳಿಗೆ. ಅದರಲ್ಲಿ 20 ಪ್ರಶ್ನೆಗಳಿವೆ, ಉತ್ತರಿಸುವವರು ಅಪ್ಪ ಅಮ್ಮ. ಆ ದಿನ ಯಾರೂ ಕೇಳದಿದ್ದರೆ ಎಷ್ಟೋ ಮಕ್ಕಳ ತೊಂದರೆ ಶಾಲೆಗೆ ಸೇರಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ನಮ್ಮೂರಿನಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳು, ಅಜ್ಜಿ ಹತ್ತಿರ ಕೊಂಕಣಿ ಅಥವಾ ಬ್ಯಾರಿ, ಹೊರಗೆ ಕನ್ನಡ. "ಭಾಷೆ ಜಾಸ್ತಿಯಾಗಿ ಮಾತು ತಡ" ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಇದು ತಪ್ಪು. ಹಲವು ಭಾಷೆ ಕೇಳಿದ್ದರಿಂದ ಮಗುವಿನ ಮಾತು ನಿಲ್ಲುವುದಿಲ್ಲ. ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅದಕ್ಕೇ ಇಲ್ಲಿನ ನರ್ಸ್‌ಗಳಿಗೆ ತಾಯಿಯ ಭಾಷೆಯಲ್ಲಿ ಕೇಳುವುದನ್ನು ಕಲಿಸಬೇಕು. ತುಳುವಿನಲ್ಲಿ ಕೇಳಿದರೆ ಬಾಯಿ ಬಿಡುವ ತಾಯಿ ಇಂಗ್ಲಿಷ್ ಫಾರಂ ಮುಂದೆ ಸುಮ್ನೆ "ಹೂಂ" ಅಂದುಬಿಡುತ್ತಾಳೆ, ಅಲ್ವಾ?

ಈಗಿನ ಓದಿನಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. 4 ವರ್ಷದ ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಮಕ್ಕಳ ಆರೋಗ್ಯ ಒಂದು ವಿಷಯ, ಮಾನಸಿಕ ಆರೋಗ್ಯ ಇನ್ನೊಂದು. ಮಕ್ಕಳ ಮನಸ್ಸು ಎರಡರ ನಡುವೆ ಬಿದ್ದುಹೋಗುತ್ತದೆ. ಮಂಗಳೂರು, ಮಣಿಪಾಲದಲ್ಲಿ ಇಷ್ಟೊಂದು ನರ್ಸಿಂಗ್ ಕಾಲೇಜುಗಳಿವೆ. ವಿದ್ಯಾರ್ಥಿಗಳನ್ನು ಸ್ಪೀಚ್ ಥೆರಪಿ ಕೋಣೆಯಲ್ಲಿ, ಮಕ್ಕಳ ಮನೋವೈದ್ಯರ ಪಕ್ಕದಲ್ಲಿ ಕೂರಿಸಿದರೆ ಪುಸ್ತಕಕ್ಕಿಂತ ಹೆಚ್ಚು ಕಲಿಯುತ್ತಾರೆ.

ದೊಡ್ಡ ಮಕ್ಕಳಿಗೂ ಇಂಥ ತರಬೇತಿ ಪಡೆದ ನರ್ಸ್ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಮುಂದಿರುತ್ತವೆ. ಆ ಒತ್ತಡ ಹೊಟ್ಟೆನೋವು, ತಲೆನೋವಾಗಿ ವಾರ್ಡಿಗೆ ಬರುವುದುಂಟು. ಪರೀಕ್ಷೆಗಳೆಲ್ಲ ಸರಿಯಿದ್ದರೆ, ಮಗು ಒಂಟಿಯಾಗಿದ್ದಾಗ ಬಳಿ ಕೂತು ಮಾತಾಡಿಸಲು ನರ್ಸ್‌ಗೆ ಬರಬೇಕು. "ಸಾಯಬೇಕು ಅನ್ನಿಸಿದೆಯಾ?" ಎಂದು ನೇರವಾಗಿ ಕೇಳಲೂ ಬರಬೇಕು. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಅಂಥ ಮಾತು ನಿಮ್ಮ ಮನೆಯಲ್ಲೇ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನಿಮ್ಮ ಮಗನ ವಿಷಯ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಾತು ತಡವಾದ ಮಗುವಿಗೆ ಕೇಳಿಸುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಲೇಬೇಕು. ಖಾಸಗಿ ಆಸ್ಪತ್ರೆಯ ಖರ್ಚು ಕಷ್ಟವಾದರೆ ಅಂಗನವಾಡಿಯಲ್ಲಿ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಯಾವಾಗ ಬರುತ್ತದೆ ಎಂದು ಕೇಳಿ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ, ಮುಂದಿನ ಚಿಕಿತ್ಸೆ ಉಚಿತ. ವರದಿ ಬರುವವರೆಗೂ ಮನೆಯ ಭಾಷೆಯಲ್ಲೇ ಅವನ ಜೊತೆ ಮಾತಾಡುತ್ತಿರಿ. ತುಳು ಬಿಡಬೇಡಿ.