ಓದುಗರ ಪ್ರಶ್ನೆ: ಸೀಸದಿಂದ ಚಿನ್ನದವರೆಗಿನ ಆ ಕ್ರಮ ಕ್ರಿಯಾಶೀಲತೆಯ ಸರಣಿಯೇ?

ಪ್ರಶ್ನೆ: ‘ಸಿಗ್‌ಮಾರ್ಸ್ ಗಾರ್ಡನ್’ ಎಂಬ ಕಂಪ್ಯೂಟರ್ ಆಟಕ್ಕೆ ಕೂತರೆ ಏಳಲು ಮನಸ್ಸಾಗುವುದಿಲ್ಲ. ಅದರಲ್ಲಿ ಲೋಹಗಳು ಕ್ರಿಯಾಶೀಲತೆಯ ಸರಣಿಯ ಪ್ರಕಾರ, ಅಂದರೆ ಚುರುಕಾಗಿ ರಾಸಾಯನಿಕ ಕ್ರಿಯೆಗೆ ಇಳಿಯುವುದು ಮೊದಲು, ಇಳಿಯದಿರುವುದು ಕೊನೆಗೆ ಎಂಬಂತೆ, ಒಂದೊಂದಾಗಿ ಹೋಗುತ್ತವೆ ಎನ್ನುತ್ತಾರೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳಿಗೂ ಇದನ್ನು ಆಡಿಸಿದರೆ ಆ ಪಾಠ ತಾನಾಗಿ ಬಾಯಿಗೆ ಬರುತ್ತದೆಯೇ?

ಬರುವುದಿಲ್ಲ. ಬಂದರೆ ತಪ್ಪಾಗಿ ಬರುತ್ತದೆ. ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಎಷ್ಟೋ ಜನ ಕೇಳಿದ್ದಾರೆ, ನಾನೂ ಪ್ರತಿ ಸಲ ಎರಡು ಸಾಲಿನಲ್ಲಿ ‘ಅಲ್ಲ’ ಎಂದು ಹೇಳಿ ಮುಗಿಸಿದ್ದೇನೆ. ಎರಡು ಸಾಲಿಗೆ ಜಗ್ಗುವ ನಂಬಿಕೆ ಇದಲ್ಲವೆಂದು ಈಗ ಮನವರಿಕೆಯಾಗಿರುವುದರಿಂದ ಒಮ್ಮೆ ಪೂರ್ತಿಯಾಗಿಯೇ ಬರೆಯುತ್ತೇನೆ.

ಆಟ ಆಡಿದವರಿಗೆ ನಿಯಮಗಳನ್ನು ವಿವರಿಸಬೇಕಾಗಿಲ್ಲ. ಮುಂದಿನ ವಾದಕ್ಕೆ ಬೇಕಾದಷ್ಟನ್ನು ಮಾತ್ರ ನೆನಪಿಸುತ್ತೇನೆ. ಝ್ಯಾಕ್‌ಟ್ರಾನಿಕ್ಸ್ ಸಂಸ್ಥೆ 2017ರಲ್ಲಿ ಹೊರತಂದ ‘ಓಪಸ್ ಮ್ಯಾಗ್ನಮ್’ ಎಂಬ ದೊಡ್ಡ ಆಟದ ಒಳಗಿರುವ ಚಿಕ್ಕ ಆಟ ಇದು. ಆರು ಬದಿಯ 91 ಮನೆಗಳಿರುವ ಹಲಗೆಯ ಮೇಲೆ 55 ಗೋಲಿಗಳು ಹರಡಿರುತ್ತವೆ, ಅವನ್ನು ಜೋಡಿ ಜೋಡಿಯಾಗಿ ಎತ್ತಿ ಹಲಗೆಯನ್ನು ಖಾಲಿ ಮಾಡಬೇಕು. ಗಾಳಿ, ಬೆಂಕಿ, ನೀರು, ಮಣ್ಣು ತಲಾ ಎಂಟು, ಉಪ್ಪು ನಾಲ್ಕು, ಜೀವ ನಾಲ್ಕು, ಮೃತ್ಯು ನಾಲ್ಕು, ಪಾದರಸ ಐದು, ಲೋಹಗಳು ಆರು. ಒಂದು ಗೋಲಿಯ ಸುತ್ತಲಿನ ಆರು ಮನೆಗಳಲ್ಲಿ ಒತ್ತಿನ ಮೂರು ಖಾಲಿಯಾಗಿದ್ದರೆ ಮಾತ್ರ ಅದನ್ನು ಎತ್ತಬಹುದು. ಗಾಳಿಗೆ ಗಾಳಿ, ನೀರಿಗೆ ನೀರು ಜೊತೆ; ಜೀವಕ್ಕೆ ಮೃತ್ಯು ಜೊತೆ; ಉಪ್ಪು ಇನ್ನೊಂದು ಉಪ್ಪಿನೊಡನೆಯೂ ನಾಲ್ಕು ಭೂತಗಳಲ್ಲಿ ಯಾವುದರೊಡನೆಯೂ ಹೋಗುತ್ತದೆ. ಲೋಹಗಳು ಮಾತ್ರ ಪಾದರಸದ ಜೊತೆಯಲ್ಲಿ, ಅದೂ ಸೀಸ, ತವರ, ಕಬ್ಬಿಣ, ತಾಮ್ರ, ಬೆಳ್ಳಿ ಎಂಬ ಕ್ರಮ ತಪ್ಪದೆ ಹೋಗಬೇಕು. ಆ ಐದೂ ಹೋದ ಮೇಲೆ ಚಿನ್ನ ಒಂಟಿಯಾಗಿ ಹೋಗುತ್ತದೆ.

ಈ ಕ್ರಮವನ್ನೇ ಕ್ರಿಯಾಶೀಲತೆಯ ಸರಣಿ ಎಂದು ನಂಬಲಾಗಿದೆ. ನಂಬಿಕೆ ಹುಟ್ಟಿದ್ದೇಕೆ ಎಂಬುದು ನನಗೆ ಅರ್ಥವಾಗುತ್ತದೆ, ಏಕೆಂದರೆ ಅದರ ಅರ್ಧ ನಿಜವಾಗಿಯೇ ಹೊಂದುತ್ತದೆ. ಕಬ್ಬಿಣ, ತಾಮ್ರ, ಬೆಳ್ಳಿ, ಚಿನ್ನ – ಈ ನಾಲ್ಕು ಪಠ್ಯಪುಸ್ತಕದ ಸರಣಿಯಲ್ಲಿಯೂ ಇದೇ ಅನುಕ್ರಮದಲ್ಲಿವೆ. ಸರಣಿಯಲ್ಲಿ ಮುಂದಿರುವ ಲೋಹ ಹಿಂದಿರುವುದನ್ನು ಅದರ ದ್ರಾವಣದಿಂದ ಹೊರಗೆ ತಳ್ಳುತ್ತದೆ. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಇಳಿಬಿಟ್ಟು, ಮೊಳೆಗೆ ಕಂದು ಬಣ್ಣದ ತಾಮ್ರ ಹತ್ತುವುದನ್ನೂ ದ್ರಾವಣದ ನೀಲಿ ಮಾಸಿ ಹಸಿರಾಗುವುದನ್ನೂ ನೋಡದೆ ಪ್ರೌಢಶಾಲೆ ದಾಟಿದವರು ಕಡಿಮೆ. ಹಾಗೆಯೇ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ತಾಮ್ರದ ತಂತಿ ಇಟ್ಟರೆ ಅದರ ಮೇಲೆ ಬೆಳ್ಳಿಯ ಹರಳುಗಳು ಮೂಡುತ್ತವೆ. ಇಷ್ಟನ್ನು ಕಂಡವರು ಆಟದ ಸಾಲನ್ನೂ ಅದರೊಡನೆ ಸೇರಿಸಿಕೊಂಡುಬಿಡುತ್ತಾರೆ.

ಆದರೆ ಸಾಲಿನ ಮೊದಲ ಮೂರನ್ನು ನೋಡಿ. ಆಟದಲ್ಲಿ ಸೀಸ, ತವರ, ಕಬ್ಬಿಣ. ನಿಜವಾದ ಸರಣಿಯಲ್ಲಿ ಕಬ್ಬಿಣ, ತವರ, ಸೀಸ. ಒಂದೆರಡು ಸ್ಥಾನ ಆಚೀಚೆಯಾದ ಮಾತಲ್ಲ ಇದು, ಮೂರೂ ನೇರವಾಗಿ ತಲೆಕೆಳಗಾಗಿವೆ. ಪಿಯುಸಿಯಲ್ಲಿ ಕಲಿಸುವ ಪ್ರಮಾಣಿತ ವಿದ್ಯುದ್ವಾರ ವಿಭವಗಳನ್ನು (ಈ ಅಂಕಿ ಸೊನ್ನೆಗಿಂತ ಕೆಳಗೆ ಹೋದಷ್ಟೂ ಲೋಹ ಹೆಚ್ಚು ಕ್ರಿಯಾಶೀಲ) ತೆಗೆದುಕೊಂಡರೆ ಕಬ್ಬಿಣಕ್ಕೆ –0.44 ವೋಲ್ಟ್, ತವರಕ್ಕೆ –0.14, ಸೀಸಕ್ಕೆ –0.13. ತವರಕ್ಕೂ ಸೀಸಕ್ಕೂ ಇರುವ ಅಂತರ ಕೂದಲೆಳೆಯಷ್ಟು ಎಂದು ಬಿಟ್ಟರೂ ಕಬ್ಬಿಣ ಅವೆರಡಕ್ಕಿಂತ ಬಹಳ ಮುಂದಿದೆ. ಅಂಕಿಗಳು ಬೇಡವಾದರೆ ತವರ ಲೇಪಿಸಿದ ತಗಡಿನ ಡಬ್ಬವನ್ನು ನೋಡಬಹುದು. ಲೇಪ ಅಖಂಡವಾಗಿರುವವರೆಗೆ ಡಬ್ಬ ಹೊಳೆಯುತ್ತಿರುತ್ತದೆ. ಮೊಳೆಯಿಂದ ಒಂದು ಗೀರು ಎಳೆದು ತೇವದಲ್ಲಿಟ್ಟರೆ ಗೀರಿದ ಜಾಗದಲ್ಲೇ ತುಕ್ಕು ಬೇಗ ಹರಡುತ್ತದೆ, ಏಕೆಂದರೆ ಅಲ್ಲಿ ತವರ ಉಳಿದು ಕಬ್ಬಿಣ ಕರಗುತ್ತದೆ. ಸತುವಿನ ಲೇಪವಿರುವ ಶೀಟಿನಲ್ಲಿ ಹೀಗಾಗುವುದಿಲ್ಲ. ಸತು ಕಬ್ಬಿಣಕ್ಕಿಂತ ಕ್ರಿಯಾಶೀಲವಾದುದರಿಂದ ಗೀರು ಬಿದ್ದ ಮೇಲೂ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆಟದ ಸಾಲನ್ನು ನಂಬಿ ಪರೀಕ್ಷೆಯಲ್ಲಿ ‘ಸೀಸವು ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲ’ ಎಂದು ಬರೆದ ಮಗುವಿಗೆ ಅಂಕ ಹೋಗುತ್ತದೆ, ಮತ್ತು ಆ ತಪ್ಪು ಮಗುವಿನದಲ್ಲ.

ಇಷ್ಟು ಹೇಳಿದ ಮೇಲೂ ಕೆಲವರು ಬೇರೆ ದಾರಿ ಹಿಡಿಯುತ್ತಾರೆ: ‘ಹಾಗಾದರೆ ಅದು ಪರಮಾಣು ಸಂಖ್ಯೆಯ ಕ್ರಮವಿರಬೇಕು.’ ಸೀಸ 82, ತವರ 50, ಕಬ್ಬಿಣ 26 – ಇಲ್ಲಿಯವರೆಗೆ ಇಳಿಯುತ್ತಾ ಬಂದದ್ದು ತಾಮ್ರ 29, ಬೆಳ್ಳಿ 47, ಚಿನ್ನ 79 ಎಂದು ಮತ್ತೆ ಏರುತ್ತದೆ. ಕ್ರಮ ಎಂದು ಕರೆಯುವಂಥದು ಇದರಲ್ಲಿ ಇಲ್ಲ. ಕರಗುವ ಬಿಂದುವನ್ನು ಹಿಡಿದರೆ ತವರ 232 ಡಿಗ್ರಿಗೆ ಕರಗಿ ಸೀಸಕ್ಕಿಂತ ಮೊದಲು ಬರುತ್ತದೆ, ಕಬ್ಬಿಣ 1538 ಡಿಗ್ರಿಯೊಡನೆ ಚಿನ್ನವನ್ನೂ ದಾಟಿ ಕೊನೆಗೆ ಹೋಗುತ್ತದೆ. ಬೆಲೆಯ ಕ್ರಮವೂ ಅಲ್ಲ. ಇಂದಿನ ಮಾರುಕಟ್ಟೆಯಲ್ಲಿ ತವರ ತಾಮ್ರಕ್ಕಿಂತ ದುಬಾರಿ. ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದು ಸಾಂದ್ರತೆಯ ವಾದ ಒಂದೇ: ತವರ 7.3, ಕಬ್ಬಿಣ 7.9, ತಾಮ್ರ 9.0, ಬೆಳ್ಳಿ 10.5, ಚಿನ್ನ 19.3 – ಐದೂ ಸರಿಯಾಗಿ ಏರುತ್ತವೆ. ಇದನ್ನು ಕಂಡುಹಿಡಿದ ವಿದ್ಯಾರ್ಥಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಮೊದಲಲ್ಲಿ ನಿಂತಿರುವ ಸೀಸದ ಸಾಂದ್ರತೆ 11.3. ಅದು ಬೆಳ್ಳಿಗೂ ಚಿನ್ನಕ್ಕೂ ನಡುವೆ ಬರಬೇಕಾಗಿತ್ತು. ಆರರಲ್ಲಿ ಒಂದನ್ನು ಮರೆಮಾಚಿದರೆ ಮಾತ್ರ ನಿಲ್ಲುವ ನಿಯಮವನ್ನು ನಿಯಮವೆನ್ನಲಾಗದು.

ಹಾಗಾದರೆ ಈ ಕ್ರಮ ಎಲ್ಲಿಯದು? ಲೋಹದ ಗೋಲಿಗಳ ಮೇಲಿರುವ ಚಿಹ್ನೆಗಳನ್ನು ಗಮನಿಸಿದರೆ ಉತ್ತರ ಅಲ್ಲಿಯೇ ಇದೆ. ಅವು ರಾಸಾಯನಿಕ ಸಂಕೇತಗಳಲ್ಲ, ಗ್ರಹಗಳ ಚಿಹ್ನೆಗಳು. ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟಿದ್ದ ಯುರೋಪಿನ ರಸವಾದಿಗಳು ಪ್ರತಿ ಲೋಹಕ್ಕೂ ಒಂದು ಗ್ರಹವನ್ನು ಜೋಡಿಸಿದ್ದರು: ಸೀಸಕ್ಕೆ ಶನಿ, ತವರಕ್ಕೆ ಗುರು, ಕಬ್ಬಿಣಕ್ಕೆ ಕುಜ, ಚಿನ್ನಕ್ಕೆ ರವಿ, ತಾಮ್ರಕ್ಕೆ ಶುಕ್ರ, ಪಾದರಸಕ್ಕೆ ಬುಧ, ಬೆಳ್ಳಿಗೆ ಚಂದ್ರ. ಆ ಜೋಡಣೆಯ ಗುರುತು ಇಂಗ್ಲಿಷಿನಲ್ಲಿ ಇನ್ನೂ ಉಳಿದಿದೆ. ಸೀಸದ ವಿಷಬಾಧೆಗೆ ಶನಿಯ ಹೆಸರಿದೆ, ಸಿಲ್ವರ್ ನೈಟ್ರೇಟಿಗೆ ‘ಲೂನಾರ್ ಕಾಸ್ಟಿಕ್’ ಎಂದು ಚಂದ್ರನ ಹೆಸರಿದೆ, ಪಾದರಸಕ್ಕೂ ಬುಧಗ್ರಹಕ್ಕೂ ಒಂದೇ ಹೆಸರು. ನಾನು ಇಲ್ಲಿ ಗ್ರಹಗಳನ್ನು ಹೇಳಿದ ಅನುಕ್ರಮ ಪಂಚಾಂಗ ನೋಡುವ ಮನೆಗಳಿಗೆ ಹೊಸದಲ್ಲ, ಅದು ಹೋರೆಗಳ, ಅಂದರೆ ದಿನದ ಒಂದೊಂದು ಗಂಟೆಗೂ ಒಂದೊಂದು ಗ್ರಹವನ್ನು ಅಧಿಪತಿಯೆಂದು ಹೇಳುವ ಲೆಕ್ಕದ, ಅನುಕ್ರಮ. ಆಕಾಶದಲ್ಲಿ ಒಂದು ಸುತ್ತು ಮುಗಿಸಲು ಸುಮಾರು 29 ವರ್ಷ ತೆಗೆದುಕೊಳ್ಳುವ ಶನಿ ಮೊದಲು, 27 ದಿನಗಳಲ್ಲಿ ಸುತ್ತಿ ಬರುವ ಚಂದ್ರ ಕೊನೆಗೆ. ದಿನಕ್ಕೆ 24 ಹೋರೆ, ಗ್ರಹಗಳು ಏಳು. ಭಾಗಿಸಿದರೆ ಮೂರು ಉಳಿಯುತ್ತದೆ. ಆದ್ದರಿಂದ ಪ್ರತಿ ದಿನದ ಮೊದಲ ಹೋರೆಯ ಅಧಿಪತಿ ಈ ಸಾಲಿನಲ್ಲಿ ಮೂರು ಹೆಜ್ಜೆ ಮುಂದಕ್ಕೆ ಹೋಗುತ್ತಾನೆ: ಶನಿಯಿಂದ ರವಿ, ರವಿಯಿಂದ ಚಂದ್ರ, ಚಂದ್ರನಿಂದ ಕುಜ. ನಮ್ಮ ವಾರದ ದಿನಗಳು ಹೀಗೆ ಬಂದವು.

ಈಗ ಈ ಏಳರ ಸಾಲಿನಿಂದ ರವಿಯನ್ನೂ ಬುಧನನ್ನೂ ಹೊರಗೆ ತೆಗೆಯಿರಿ. ಉಳಿದದ್ದು ಶನಿ, ಗುರು, ಕುಜ, ಶುಕ್ರ, ಚಂದ್ರ. ಅಂದರೆ ಸೀಸ, ತವರ, ಕಬ್ಬಿಣ, ತಾಮ್ರ, ಬೆಳ್ಳಿ. ಒಂದಕ್ಷರ ಆಚೀಚೆ ಇಲ್ಲದೆ ಆಟದ ಕ್ರಮ. ರವಿಯ ಚಿನ್ನವನ್ನು ಗುರಿಯಾಗಿ ಕೊನೆಗಿಟ್ಟು, ಬುಧನ ಪಾದರಸವನ್ನು ಎಲ್ಲರಿಗೂ ಜೊತೆಗಾರನಾಗಿ ಮಾಡಿದರೆ ಆಟ ಸಿದ್ಧ. ‘ಓಪಸ್ ಮ್ಯಾಗ್ನಮ್’ನ ಮುಖ್ಯ ಆಟದಲ್ಲಿಯೂ ಪಾದರಸ ತಾಗಿದ ಲೋಹ ಇದೇ ಏಣಿಯಲ್ಲಿ ಒಂದು ಮೆಟ್ಟಿಲು ಏರುತ್ತದೆ: ಸೀಸ ತವರವಾಗುತ್ತದೆ, ತವರ ಕಬ್ಬಿಣವಾಗುತ್ತದೆ. ಚಿಕ್ಕ ಆಟ ಅದರ ನೆನಪು. ಇದು ಲೋಹಗಳ ಗುಣಗಳನ್ನು ಅಳೆದು ಮಾಡಿದ ಕ್ರಮವಲ್ಲ, ಆಕಾಶವನ್ನು ನೋಡಿ ಮಾಡಿದ ಕ್ರಮ.

ಇನ್ನು, ಬಿಡಲಾಗದಂತೆ ಹಿಡಿಯುವುದೇಕೆ ಎಂಬ ಮಾತಿಗೆ ಬರುತ್ತೇನೆ. ಇದರಲ್ಲಿ ಮಾತ್ರ ರಸಾಯನಶಾಸ್ತ್ರಕ್ಕೆ ನಿಜವಾದ ಪಾಲಿದೆ ಎಂದು ನನ್ನ ಅಭಿಪ್ರಾಯ, ಮತ್ತು ಆ ಪಾಲು ಇರುವುದು ಲೋಹಗಳಲ್ಲಲ್ಲ, ಉಪ್ಪಿನಲ್ಲಿ. ಹೊಸದಾಗಿ ಆಡುವವರು ಉಪ್ಪನ್ನು ಎಲ್ಲಿಗೂ ಸಲ್ಲುವ ಗೋಲಿ ಎಂದುಕೊಂಡು, ದಾರಿ ಕಟ್ಟಿದಲ್ಲೆಲ್ಲ ಖರ್ಚು ಮಾಡಿ, ಕೊನೆಗೆ ಒಂದು ನೀರು, ಒಂದು ಬೆಂಕಿ ಉಳಿಸಿಕೊಂಡು ಸೋಲುತ್ತಾರೆ. ನೀರು ಎಂಟಿದೆ. ಒಂದು ಉಪ್ಪನ್ನು ನೀರಿಗೆ ಕೊಟ್ಟರೆ ಏಳು ಉಳಿಯುತ್ತದೆ. ಏಳನ್ನು ಜೋಡಿ ಮಾಡಲಾಗದು. ಆದ್ದರಿಂದ ಇನ್ನೊಂದು ಉಪ್ಪು ಎಂದಾದರೊಂದು ಕ್ಷಣದಲ್ಲಿ ನೀರಿಗೇ ಹೋಗಬೇಕು. ಅಂದರೆ ಕೈಯಲ್ಲಿರುವಂತೆ ಕಾಣುವ ನಾಲ್ಕು ಸ್ವಾತಂತ್ರ್ಯಗಳು ನಿಜವಾಗಿ ಎರಡೇ. ಮೊದಲ ಉಪ್ಪನ್ನು ಬಳಸಿದ ಕೂಡಲೇ ಎರಡನೆಯದು ಸಾಲದಲ್ಲಿ ಬಿದ್ದಿರುತ್ತದೆ. ಇದನ್ನು ಹೇಳಿಕೊಟ್ಟ ಮೇಲೆ ಆಡುವವರ ಆಟವೇ ಬದಲಾಗುವುದನ್ನು ನೋಡಿದ್ದೇನೆ, ಅಧ್ಯಾಪಕನಾಗಿ ಅದು ನನಗೆ ಸಂತೋಷ ಕೊಡುವ ಸಂಗತಿ.

ಸಮೀಕರಣ ಸರಿದೂಗಿಸುವಾಗ ನಾವು ಮಾಡುವುದು ಇದೇ ಲೆಕ್ಕ. ಒಂದು ಈಥೇನ್ ಅಣು ಪೂರ್ತಿಯಾಗಿ ಉರಿದರೆ ಎರಡು ಇಂಗಾಲದ ಡೈಆಕ್ಸೈಡ್, ಮೂರು ನೀರು. ಅದಕ್ಕೆ ಬೇಕಾದ ಆಕ್ಸಿಜನ್ ಪರಮಾಣುಗಳು ನಾಲ್ಕು ಮತ್ತು ಮೂರು, ಒಟ್ಟು ಏಳು. ಆಕ್ಸಿಜನ್ ಬರುವುದು ಜೋಡಿಯಲ್ಲಿ. ಏಳನ್ನು ಜೋಡಿ ಮಾಡಲಾಗದ ಕಾರಣ ಎಲ್ಲವನ್ನೂ ಇಮ್ಮಡಿಸಿ ಎರಡು ಈಥೇನ್, ಏಳು ಆಕ್ಸಿಜನ್ ಅಣು ಎಂದು ಬರೆಯುತ್ತೇವೆ. ಬೆಸ ಸಂಖ್ಯೆಯೊಂದು ಎದುರಾದಾಗ ಆಗುವ ಆ ಕಸಿವಿಸಿ, ಅದು ಪರಿಹಾರವಾದಾಗ ಆಗುವ ಸಮಾಧಾನ, ಎರಡೂ ಈ ಆಟದಲ್ಲಿವೆ. ಒಟ್ಟು 55 ಗೋಲಿ ಎಂಬ ಬೆಸ ಸಂಖ್ಯೆಯೂ ಆಕಸ್ಮಿಕವಲ್ಲ: 27 ಜೋಡಿ ಹೋಗಿ ಒಂದು ಉಳಿಯಬೇಕು, ಆ ಒಂದು ಚಿನ್ನ. ಬಣ್ಣದ ಮಿಠಾಯಿಗಳನ್ನು ಮೂರು ಮೂರಾಗಿ ಸೇರಿಸುವ ಆಟಗಳಲ್ಲಿ ಮೇಲಿನಿಂದ ಹೊಸದು ಸುರಿಯುತ್ತಲೇ ಇರುತ್ತದೆ. ತಪ್ಪು ಮಾಡಿದರೂ ಅದು ಮುಚ್ಚಿಹೋಗುತ್ತದೆ. ಇಲ್ಲಿ ಹೊಸದು ಬರುವುದಿಲ್ಲ. ಇದ್ದುದನ್ನೇ ಲೆಕ್ಕವಿಟ್ಟು ತೀರಿಸಬೇಕು. ಮಗಳಿಗೆ ಆಟ ತೋರಿಸುವುದಾದರೆ ಲೋಹಗಳ ಹೆಸರಿಗಾಗಿ ಬೇಡ, ಉಪ್ಪಿನ ಲೆಕ್ಕವನ್ನು ಅವಳೇ ಕಂಡುಕೊಳ್ಳಲಿ ಎಂದು ತೋರಿಸಿ. ಸರಣಿಯನ್ನು ಪುಸ್ತಕದಿಂದಲೇ ಕಲಿಯಲಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ: ಲೋಹವೇ ಆದ ಪಾದರಸ ಸಾಲಿನಿಂದ ಹೊರಗೇಕೆ ನಿಂತಿತು? ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಲೋಹ ಅದೊಂದೇ ಪ್ರಾಚೀನರ ಕೈಯಲ್ಲಿತ್ತು, ಮತ್ತು ಅದು ಬೇರೆ ಲೋಹಗಳನ್ನು ತನ್ನೊಳಗೆ ಕರಗಿಸಿಕೊಳ್ಳುತ್ತಿತ್ತು. ಚಿನ್ನದ ಉಂಗುರಕ್ಕೆ ಪಾದರಸ ತಾಗಿದರೆ ಹಳದಿ ಮಾಯವಾಗಿ ಬಿಳಿಚಿಕೊಳ್ಳುತ್ತದೆ. ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಹೀರಿ ತೆಗೆಯಲು ಇದೇ ಗುಣವನ್ನು ಬಳಸುತ್ತಿದ್ದರು. ನಮ್ಮ ರಸಶಾಸ್ತ್ರದ ಗ್ರಂಥಗಳೂ ಚಿನ್ನ, ಬೆಳ್ಳಿ, ತಾಮ್ರಗಳನ್ನು ಲೋಹಗಳೆಂದು ಒಂದು ಕಡೆ ಹೇಳಿ, ಪಾದರಸವನ್ನು ಬೇರೆಯೇ ಇಟ್ಟು ‘ರಸ’ ಎಂದು ಕರೆದವು. ಲೋಹಗಳು ಅದಕ್ಕೆ ಗ್ರಾಸ, ಅದು ಅವುಗಳನ್ನು ಜೀರ್ಣಿಸಿಕೊಳ್ಳುತ್ತದೆ ಎಂದವು. ಎರಡು ನಾಡುಗಳ ರಸವಾದಿಗಳಿಗೂ ಕಂಡದ್ದು ಒಂದೇ ಪದಾರ್ಥದ ಒಂದೇ ನಡತೆ. ಆದರೆ ಆಟದ ಐದು ಜೋಡಿಗಳಲ್ಲಿ ಒಂದು ಈ ನಡತೆಗೆ ಹೊಂದುವುದಿಲ್ಲ. ಸೀಸ, ತವರ, ತಾಮ್ರ, ಬೆಳ್ಳಿ ಪಾದರಸದೊಡನೆ ಬೆರೆಯುತ್ತವೆ, ಕಬ್ಬಿಣ ಬೆರೆಯುವುದಿಲ್ಲ. ಗಣಿಗಳಿಂದ ಪಾದರಸವನ್ನು ತುಂಬಿ ಸಾಗಿಸುತ್ತಿದ್ದ, ಒಂದೊಂದರಲ್ಲಿ ಸುಮಾರು 34.5 ಕಿಲೋ ಹಿಡಿಯುತ್ತಿದ್ದ ಗಟ್ಟಿ ಕುಪ್ಪಿಗಳನ್ನು ಮಾಡುತ್ತಿದ್ದದ್ದು ಅದೇ ಕಬ್ಬಿಣದಿಂದ.